ದಾರಿ ಕೇಳದ ಅತಿಥಿ

ಅಂಗಳದ ಬಿದಿರಿನ ತಟ್ಟಿಗಳ ಮೇಲೆ ಪೊಕುವಾಳ ಈ ಸಲದ ಕೋಕೋ ಬೀಜವೆಲ್ಲ ಹರಡಿಕೊಂಡಿತ್ತು. ಬಾಳೆ ಎಲೆಯಡಿ ಹುಳಿ ಬರಿಸಿ, ವಾರದಿಂದ ಬಿಸಿಲಿನಲ್ಲಿ ಕೈಯಾಡಿಸಿ ಒಣಗಿಸಿದ್ದು. ಇವತ್ತೊಂದು ದಿನ ಒಣಗಿದರೆ ಮೂಟೆ ಕಟ್ಟಬಹುದಿತ್ತು. ಈಗ ನೆನೆಯಿತೋ, ಬೂಷ್ಟು ಹಿಡಿಯುತ್ತದೆ; ಅಂಥ ಬೀಜವನ್ನು ಖರೀದಿ ಗುಮಾಸ್ತ ಮೂಸಿಯೂ ನೋಡುವುದಿಲ್ಲ. ಕಾಡಿನ ಮೇಲೆ ಮೋಡ ಕಪ್ಪಾಗುತ್ತಿತ್ತು. ಪೊಕುವಾ ಮಾತ್ರ ಜಗಲಿಯ ಬೆಂಚಿನ ಮೇಲೆ ಕೂತೇ ಇದ್ದಳು.

ಏಳುವ ಹಾಗಿಲ್ಲವಲ್ಲ. ಎದುರಿಗೆ ಅತಿಥಿ, ಚಾಕೊಲೇಟ್ ಕಂಪನಿಯ ಬಿಳಿಯ, ಕೈಯಲ್ಲಿ ಕ್ಯಾಮೆರಾ. ನೀರು ಕೊಟ್ಟಾಗಿತ್ತು, ಬಂದ ಕಾರಣ ಕೇಳಿಯಾಗಿತ್ತು. ಇನ್ನು ಊರಿನ ಪದ್ಧತಿಯಂತೆ ಅವನು 'ದಾರಿ ಕೊಡಿ' ಎಂದು ಹೊರಡಲು ಅಪ್ಪಣೆ ಕೇಳಬೇಕು, ಮನೆಯವರು ಕೊಡಬೇಕು, ಆಮೇಲೆ ತಾನೇ ಯಾರಾದರೂ ಏಳುವುದು. ಅವನಿಗೆ ದಾರಿ ಕೇಳುವುದು ಗೊತ್ತಿದ್ದರೆ ತಾನೇ.

ರೈತರು ಮೊಟ್ಟಮೊದಲ ಸಲ ಚಾಕೊಲೇಟ್ ತಿಂದಾಗಿನ ಮುಖ ಬೇಕಂತೆ ಆ ಪುಣ್ಯಾತ್ಮನಿಗೆ. ಕುಮಾಸಿ ಪಟ್ಟಣದ ಅಂಗಡಿಯಲ್ಲಿ ಅವಳು ಯಾವತ್ತೋ ತಿಂದಿದ್ದಳು. ಹಲ್ಲಿಗೆ ಮೆತ್ತುವ ಆ ಸಿಹಿ ಅವಳಿಗೆ ಸೇರಿರಲಿಲ್ಲ. ಅದನ್ನು ಹೇಳಿದರೂ ಅವನು ಅಡ್ಡಡ್ಡ ತಲೆಯಾಡಿಸಿ ಇನ್ನೊಂದು ತುಂಡು ಮುರಿದುಕೊಟ್ಟ.

"ಇನ್ನೂ ಸ್ವಲ್ಪ ಆಶ್ಚರ್ಯ ಪಡ್ಬೇಕಂತೆ ಕಣೇ," ಅಂದರು ಬಾದು. ಅವರು ಅವಳ ಸೋದರಮಾವ, ಮನೆಗೆ ಹಿರಿಯರು. ಇಂಗ್ಲಿಷ್ ಬರುತ್ತಿದ್ದದ್ದು ಅವರೊಬ್ಬರಿಗೇ.

"ಮೋಡ ನೋಡಿ ಎದೆ ಒಡೀತಾ ಇದೆ, ಆಶ್ಚರ್ಯ ಎಲ್ಲಿಂದ ತರ್ಲಿ ಮಾವ? ತಟ್ಟಿ ಸುತ್ಬೇಕು ಅಂತ ಹೇಳಿ ಅವನಿಗೆ."

"ಮನೆಗೆ ಬಂದೋನ್ನ ಎದ್ದು ಹೋಗು ಅನ್ನಕ್ಕಾಗತ್ತಾ? ಊರೋರು ಏನಂತಾರೆ?"

"ಮಳೆ ಊರೋರನ್ನ ಕೇಳ್ಕೊಂಡು ಬರತ್ತಾ?"

"ನಿನ್ನ ನಾಲಿಗೆಯೋ, ಥೇಟ್ ನಿಮ್ಮಮ್ಮಂದೇ. ಇನ್ನೊಂದು ತುಂಡು ತಿನ್ನು, ಮುಗೀತು."

ಪೊಕುವಾಗೆ ಮೈಯೆಲ್ಲ ಉರಿದುಹೋಯಿತು. ಆದರೂ ತುಂಡನ್ನು ಬಾಯಿಗೆ ಹಾಕಿಕೊಂಡು ಹಲ್ಲು ಕಿರಿದಳು. ಅವನು ಕ್ಯಾಮೆರಾ ಇಳಿಸಿ, ಸಾಲದೆಂದು ಮತ್ತೆ ತಲೆಯಾಡಿಸಿದ. ಅಷ್ಟರಲ್ಲಿ ತಗಡಿನ ಮೇಲೆ ಹನಿ ಬಿತ್ತು.

ದಾರಿಯೂ ಬೇಡ, ಮರ್ಯಾದೆಯೂ ಬೇಡ ಎಂದು ಎದ್ದು ಓಡಿದಳು. ಒಂದು ತಟ್ಟಿ ಸುತ್ತುವಷ್ಟರಲ್ಲಿ ಮಳೆ ಕೊಡದಲ್ಲಿ ಸುರಿದ ಹಾಗೆ ಸುರಿಯಿತು. ಬಾದು ಕೋಲೂರಿಕೊಂಡು ಬಂದು ಇನ್ನೊಂದರ ತುದಿ ಎತ್ತುವಾಗ, ಉಳಿದ ತಟ್ಟಿಗಳ ಸಂದಿಯಿಂದ ಕಂದು ನೀರು ಹರಿಯುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅವಳು ಜಗಲಿಗೆ ಹತ್ತಿ ನಿಂತಳು. ದವಡೆಯಲ್ಲಿ ಆ ಚಾಕೊಲೇಟ್ ಇನ್ನೂ ಕರಗುತ್ತಿತ್ತು, ಕಣ್ಣಲ್ಲಿ ನೀರು ನಿಲ್ಲುತ್ತಿರಲಿಲ್ಲ. ಅತಿಥಿ ಕ್ಯಾಮೆರಾ ಹಿಡಿದು ಹತ್ತಿರ ಬಂದ. ಈ ಸಲ ಅವನು ತಲೆಯಾಡಿಸಲಿಲ್ಲ, ಚಿತ್ರ ತೆಗೆದುಕೊಂಡ.

"ನನ್ನ ಬೀಜ ಹಾಳಾಯ್ತು ಅಂತ ಹೇಳಿ ಮಾವ. ನಿನ್ನಿಂದಾನೇ ಹಾಳಾಯ್ತು ಅಂತ ಹೇಳಿ."

ಬಾದು ತಟ್ಟಿಗಳನ್ನು ನೋಡಿದರು, ಅತಿಥಿಯನ್ನು ನೋಡಿದರು. ಆಮೇಲೆ ಇಂಗ್ಲಿಷಿನಲ್ಲಿ ಏನೋ ಅಂದರು. ಅತಿಥಿ ಎದೆಯ ಮೇಲೆ ಕೈಯಿಟ್ಟುಕೊಂಡು, ಉಳಿದ ಚಾಕೊಲೇಟನ್ನೆಲ್ಲ ಡಬ್ಬದ ಸಮೇತ ಅವಳ ಕೈಗೆ ಹಾಕಿದ.

"ಏನಂದ್ರಿ ಅವನಿಗೆ?"

ಬಾದು ಅವಳ ಮುಖ ನೋಡಲಿಲ್ಲ.

"ತುಂಬಾ ಸಿಹಿಯಾಗಿದೆಯಂತೆ, ಅಂದೆ."