ಬೆನ್ನಿನ ಗಂಟು

ನಾನೊಂದು ಖಣ. ಅಂತಿಂಥಾ ಕುಬಸದ ಖಣ ಅಲ್ಲರೀ, ರಾಣಿ ತೊಟ್ಟ ಖಣ. ನನ್ನ ಮಗ್ಗದಿಂದ ಇಳಿಸಿದ ದಿನ ಗುಳೇದಗುಡ್ಡದಾಗ ಕತ್ತಲಾದ್ರೂ ಓಣಿಗೆ ಓಣೀನ ಲೈಟ್ ಹಚ್ಚಲಿಲ್ಲ, ಅಷ್ಟು ಬೆಳಕು ನನ್ನ ಮೈಯಾಗ. ನಗ್ರಿ, ನಗ್ರಿ. ಇದರಾಗ ಅರ್ಧ ಸುಳ್ಳೈತಿ, ನಾನ ಒಪ್ಪತೇನಿ. ಲೈಟ್ ಹಚ್ಚಲಿಲ್ಲ ಅನ್ನೂದು ಖರೆ, ಕರೆಂಟ್ ಹೋಗಿತ್ತು. ರಾಣಿ ತೊಟ್ಟಿದ್ಲು ಅನ್ನೂದೂ ಖರೆ, ಆ ರಾಣಿ ಬ್ಯಾಂಕಿನಾಗ ಕ್ಯಾಷಿಯರ್ ಇದ್ಲು.

ನನ್ನ ನೇಯ್ದಾಂವ ಇರುಪಾಕ್ಷಪ್ಪ. ಕುಣಿ ಮಗ್ಗದಾಗ ಕಾಲು ಇಳಿಬಿಟ್ಟು ಕುಂತಿದ್ದ. ದಾಳಿಂಬರಿ ಕೆಂಪಿನ ಮೈ, ಎರಡೂ ಕಡೆ ದಡಿ, ನಡುವ ಜ್ವಾಳದ ಕಾಳಿನಷ್ಟು ಬಿಳಿ ಹೂವು. ಅವತ್ತು ಅಂವಗ ನೆಗಡಿ ಆಗಿತ್ತು. ಸೀನಿದಾಗೊಮ್ಮೆ ಒಂದೊಂದು ಹೂವು ಸೊಟ್ಟ ಬಿತ್ತು. ಹಂಗಾಗಿ ಸಾವಿರ ಖಣದಾಗ ಹಾಕಿದ್ರೂ ನನ್ನ ಗುರುತು ಸಿಗತೈತಿ.

ಹುಟ್ಟಿದ ಮ್ಯಾಲ ನನ್ನ ಕೆಲಸ ಏನಂದ್ರ ತಿರುಗೂದು. ನಮ್ಮ ಕಡೆ ಮುತ್ತೈದೇರಿಗೆ ಉಡಿ ತುಂಬ್ತಾರ ನೋಡ್ರಿ, ಅಕ್ಕಿ, ಅಡಿಕಿ, ಅರಿಷಿಣ ಕೊಂಬು, ಉತ್ತತ್ತಿ, ಅದರ ಮ್ಯಾಲ ಒಂದು ಖಣ. ಉಡಿ ತುಂಬಿಸಿಕೊಂಡಾಕಿ ಮನಿಗೆ ಹೋಗಿ ನನ್ನ ನೋಡಿ, ಬಣ್ಣೇನೋ ಚಲೋ ಐತಿ, ನನ್ನ ಸೀರಿಗೆ ಹೊಂದೂದಿಲ್ಲ ಅನ್ನಾಕಿ. ಕಪಾಟಿನಾಗ ಇಡಾಕಿ. ಮುಂದಿನ ಮದುವಿಗೆ ಇನ್ನೊಬ್ಬಾಕಿ ಉಡಿಗೆ ಹಾಕಾಕಿ. ಹಿಂಗ ನಾನು ಗದಗ ಜಿಲ್ಲಾದಾಗ ಬಸ್ಸು ಹೋಗಲಾರದ ಊರಿಗೂ ಹೋಗಿ ಬಂದೇನಿ. ಒಬ್ಬಾಕಿಯಂತೂ ತಾನ ಕೊಟ್ಟ ನನ್ನನ್ನ ಎಷ್ಟೋ ವರ್ಷದ ಮ್ಯಾಲ ತಾನ ತಿರುಗಿ ಇಸಗೊಂಡ್ಲು. ಗುರುತು ಸಿಗದ, ಎಂಥಾ ಹಗರ ಖಣ ಕೊಟ್ಟಾಳ ನೋಡ ಜಿಪುಣಿ ಅಂತ ಬೈದ್ಲು.

ಇಷ್ಟು ಉಡಿ ತಿರುಗಿದ್ರೂ ನನ್ನ ಮಡಿಕಿ ಯಾರೂ ಬಿಚ್ಚಲಿಲ್ಲ. ಹೊಲಿಸಲಿಲ್ಲ, ತೊಡಲಿಲ್ಲ.

ಆ ತಿರುಗಾಟದಾಗ ಒಂದು ತೊಟ್ಟಿಲ ಕಾರ್ಯದಾಗ ನಾನು ನೀಲಗಂಗವ್ವನ್ನ ಮೊದಲ ನೋಡಿದ್ದು. ಆಕಿ ಅಡಗಿ ಮನಿ ಬಾಗಲದಾಗ ಚಾದ ತಾಟು ಹಿಡಕೊಂಡು ನಿಂತಿದ್ಲು. ನಾನು ಕುಂಕುಮದ ತಾಟಿನಾಗ ಮಲಗಿದ್ದೆ. ನನ್ನ ತಾಟು ಸಾಲಾಗಿ ಎಲ್ಲಾರ ಮುಂದ ಬಂತು, ಆಕಿ ಮುಂದ ಬರೂದ್ರಾಗ ದಾರಿ ತಪ್ಪಿದ್ಹಂಗ ಮಾಡಿ ಆ ಕಡೆ ಹೊಳ್ಳಿತು. ಆಕಿ ಗಂಡ ತೀರಿಕೊಂಡಿದ್ದ. ಆಕಿ ನನ್ನ ನೋಡಲಾರದವರಂಗ ಚಾಕ್ಕ ಸಕ್ಕರಿ ಸಾಕಾತಿಲ್ಲೋ ಕೇಳ್ಕೋತ ಹೋದ್ಲು. ಆದ್ರ ನೋಡಿದ್ಲು. ನೋಡಿದ್ದು ನನಗ ತಿಳೀತೈತ್ರಿ, ನಾನು ಅರಿವಿ.

ಕಡೀಕ ನಾನು ಶಶಿಕಲಾ ಮೇಡಂ ಉಡಿಗೆ ಬಿದ್ದೆ. ಬ್ಯಾಂಕಿನ ಕ್ಯಾಷಿಯರ್ ಅಂದ್ನಲ್ಲ, ಈಕೀನ. ಆಕಿಗೂ ನನ್ನ ಬಣ್ಣ ಹೊಂದಲಿಲ್ಲ. ಒಂದು ಚೀಲದಾಗ ತುರುಕಿ ಅರವಟಗಿ ಸರ್ ಮಾಳಗಿಗೆ ಒಯ್ದು ಒಗದ್ಲು.

ಅರವಟಗಿ ಸರ್ ಡ್ರಾಯಿಂಗ್ ಮಾಸ್ತರ್ಕಿ ಮಾಡಿ ರಿಟೈರ್ ಆದವರು. ಅವರ ಮಾಳಗಿ ಮ್ಯಾಲ ಐತವಾರಕ್ಕೊಮ್ಮೆ ಒಂದು ಬಳಗ ಸೇರ್ತಿತ್ತು. ಊರ ಹೊರಗಿನ ಹಳೇ ಗುಡಿ ಗ್ವಾಡಿ ಮ್ಯಾಲ ಕೆತ್ತಿದ ಗೊಂಬಿ ಅದಾವಲ್ಲ, ಅವು ಎಂಥಾ ಬಟ್ಟಿ ತೊಟ್ಟಾವ, ಅಂಥಾವ ಕೈಲೆ ಹೊಲಕೊಂಡು ತೊಡೂದು. ನೂಲು ತಗ್ಯೂದು, ಬಣ್ಣ ಕುದಿಸೂದು, ದೀಪದ ಮುಂದ ಕುಂತು ಹಳೇ ರೀತೀಲೆ ಕಥಿ ಹೇಳೂದು. ವರ್ಷಕ್ಕೊಮ್ಮೆ ಆ ಗುಡಿ ಬಯಲಾಗ ಎಲ್ಲಾ ತೊಟ್ಟು ಮಂದಿ ಮುಂದ ಮೆರ್‍ಯೂದು. ಸಂಬಳಿಲ್ಲ, ಬಹುಮಾನಿಲ್ಲ, ಬರೇ ಹವ್ಯಾಸ.

ಕಾನೂನು ಒಂದ: ಆ ಕಾಲದಾಗ ಇದ್ದದ್ದಷ್ಟ ಇರಬೇಕು. ಪಾಪ, ಪ್ರಯತ್ನ ಮಾಡಿದ್ರು. ಆದ್ರ ಚಾಳೀಸು ತಗದ್ರ ಸರ್‌ಗೆ ಸೂಜಿ ಕಾಣ್ತಿರಲಿಲ್ಲ, ಚಾಳೀಸಿಗೆ ಮಾಫಿ. ಹಸಿ ಮೆಣಸಿನಕಾಯಿ ಆ ಕಾಲಕ್ಕ ನಮ್ಮ ದೇಶಕ್ಕ ಬಂದಿರಲಿಲ್ಲಂತ, ಸರ್ ಅವರ ಹೇಳಿದ್ರು. ಒಂದು ಐತವಾರ ಖಾರಿಲ್ಲದ ಪಲ್ಯ ತಿಂದು ಎಲ್ಲಾರ ಮಾರಿ ಹರಳೆಣ್ಣಿ ಕುಡದ್ಹಂಗಾತು, ಮೆಣಸಿನಕಾಯಿಗೂ ಮಾಫಿ. ಶಶಿಕಲಾ ಮೇಡಂಗ ಸೊಂಟ ನೋವು, ಖುರ್ಚಿಗೆ ಮಾಫಿ. ಗುಡಿ ಗೊಂಬಿ ತೊಡಿ ಮ್ಯಾಲ ಒಂದು ಗೆರಿ ಇತ್ತು. ಒಡವಿ ಅಂತ ತಿಳದು ಎಲ್ಲಾರೂ ಸೀರಿ ಮ್ಯಾಲ ಪಟ್ಟಿ ಹಚ್ಚಿಕೊಂಡ್ರು. ಆಮ್ಯಾಲ ಆಡು ಕಾಯೋ ಮುದುಕಪ್ಪ ಬಂದು, ಅದು ನಮ್ಮ ಹೋತಿನ ಹಗ್ಗ ತಿಕ್ಕಿದ ಗುರುತ್ರೀ ಅಂದ. ಪಟ್ಟಿ ಹೊಲದು ಆಗಿತ್ತಲ್ಲ, ಅದಕ್ಕೂ ಮಾಫಿ.

ಆ ಬಳಗಕ್ಕ ನೀಲಗಂಗವ್ವ ಬರ್ತಿದ್ಲು. ಎಲ್ಲಾರೂ ಗಂಗಕ್ಕ ಅಂತಿದ್ರು. ಕಥಿ ಹೇಳಿದ್ರ ಗ್ವಾಡಿ ಮ್ಯಾಲಿನ ಹಲ್ಲಿ ಸೈತ ಲೊಚಗುಟ್ಟೂದು ಬಿಟ್ಟು ಕೇಳ್ತಿತ್ತು. ಎಲ್ಲಾರ ಹರಕು ಹೊಲದುಕೊಡಾಕೀನೂ ಆಕೀನ. ಒಂದಿನ ಅರಿವಿ ಗುಂಪಿನಾಗ ಕೈ ಆಡಿಸಿದಾಕಿ ನನ್ನ ಸೊಟ್ಟ ಹೂವಿಗೆ ಬಂದು ನಿಂತ್ಲು. ಇದನ್ನ ನಾ ತೊಗೊಳ್ಳಲೇನ್ರಿ ಅಂತ ಕೇಳಿದ್ಲು. ತೊಗೊಳ್ರೆವಾ, ಚಿಂದಿ ಅದು, ಅಂದ್ಲು ಶಶಿಕಲಾ ಮೇಡಂ.

ಅವತ್ತ ನನ್ನ ಮಡಿಕಿ ಬಿಚ್ಚಿದ್ದು.

ಗಂಗಕ್ಕ ನನ್ನ ಕುಬಸ ಮಾಡಿದ್ಲು. ಗುಡಿ ಗೊಂಬಿಯಂಗ ಬೆನ್ನು ಖುಲ್ಲಾ, ಬೆನ್ನಿಗೆ ಎರಡು ದಾರ, ದಾರದ ತುದಿಗೆ ಎರಡು ಗೊಂಡೆ. ಸೊಟ್ಟ ಹೂವು ಎಲ್ಲಾ ಎದಿ ಮ್ಯಾಲ ಬರೂಹಂಗ ಕತ್ತರಿಸಿದ್ಲು, ಅವು ತನ್ನಂಗ ಅದಾವಂದ್ಲು. ಹೊಲಿಯೂವಾಗ ನನ್ನ ಜೋಡಿ ಮಾತಾಡ್ತಿದ್ಲು. ಗಂಡ ಹ್ವಾದ ಮ್ಯಾಲ ನನ್ನ ಮೈಗೆ ಕೆಂಪು ಹತ್ತಿಲ್ಲವಾ, ಈ ಸಲ ಗುಡಿ ಬಯಲಾಗ ನಿನ್ನ ತೊಟಗೊಂಡು ಕಥಿ ಹೇಳ್ತೀನಿ, ಯಾರ ಏನಂತಾರ, ಆಟ ಅಲ್ಲೇನು, ಅಂತಿದ್ಲು. ನನಗ ಬಾಯಿದ್ರ ಹೂಂ ಅಂತಿದ್ದೆ.

ಮಾಳಗಿ ಮ್ಯಾಲ ತಾಲೀಮು ನಡೀತು. ಆಕಿ ನನ್ನ ತೊಟ್ಟು ಬಂದ್ಲು. ನೋಡ್ರಿ, ಸುಳ್ಳಾಡೂ ಚಟ ನನಗ ಐತಿ, ಆದ್ರ ಈ ಮಾತಿಗೆ ಒಂದು ಎಳೀನೂ ಕೂಡ್ಸೂದಿಲ್ಲ: ಆಕಿ ಭಾಳ ಚಂದ ಕಂಡ್ಲು.

ಆಟದ ಮೊದಲಿಗೆ ರಾಣಿ ಎಲ್ಲಾ ಹೆಣ್ಮಕ್ಕಳಿಗೆ ಉಡಿ ತುಂಬಬೇಕು. ರಾಣಿ ಶಶಿಕಲಾ ಮೇಡಂ. ತಾಟು ಗಂಗಕ್ಕನ ಮುಂದ ಬಂತು, ನಿಂತಿತು. ಮೇಡಂ ಸರ್ ಮಾರಿ ನೋಡಿದ್ಲು.

ಸರ್ ಚಾಳೀಸು ತಗದು ಒರಸಿಕೊಂಡ್ರು. ಭಾಳ ಒಳ್ಳೇ ಮನಿಷ್ಯಾ, ಇವತ್ತಿಗೂ ಅಂತೀನಿ.

"ಅಕ್ಕಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಮಗೇನೂ ಇಲ್ಲ, ನಾವು ಈ ಕಾಲದ ಮಂದಿ. ಆದ್ರ ಆ ಕಾಲದಾಗ ಗಂಡ ಸತ್ತಾಕಿ ಕೆಂಪು ತೊಡ್ತಿದ್ದಿಲ್ಲ ನೋಡ್ರಿ. ಅದನ್ನ ತಪ್ಪಿದ್ವಿ ಅಂದ್ರ ನಮ್ಮದು ಬರೇ ಸೋಗು ಆಕ್ಕೈತಿ."

ಬಿಳಿ ಸೀರಿ ಉಟ್ಟು ಕಂಬದ ಬುಡಕ ಕುಂದರ್ರಿ, ಅಲ್ಲಿಂದನ ಕಥಿ ಹೇಳ್ರಿ, ಅಂದ್ರು. ಮೇಡಂಗ ಕೆಟ್ಟ ಅನಿಸ್ತು. ಹಂಗಲ್ಲ, ಗಂಗಕ್ಕನ ಯಜಮಾನ್ರು ಆಟದಾಗ ಯುದ್ಧಕ್ಕ ಹೋಗ್ಯಾರಂತ ಮಾಡೋಣು, ಇದ್ದಾರೋ ಇಲ್ಲೋ ಸುದ್ದಿ ಬಂದಿಲ್ಲಂತ ಅನ್ನೋಣು, ಅಂದ್ಲು.

ಗಂಗಕ್ಕ ನಕ್ಲು. "ನಮ್ಮವರ? ಬಸ್ ಸ್ಟ್ಯಾಂಡಿನಾಗ ಸೀಟ್ ಹಿಡ್ಯಾಕ ಹೆದರ್ತಿದ್ರು, ಯುದ್ಧಕ್ಕೆಲ್ಲಿ ಹೋದಾರವಾ."

ಎಲ್ಲಾರೂ ನಕ್ರು. ನಗು ನಿಂತ ಮ್ಯಾಲ ಆಕಿ ಅಂದ್ಲು:

"ಮೆಣಸಿನಕಾಯಿಗೆ ಮಾಫಿ ಐತಿ. ಖುರ್ಚಿಗೆ ಐತಿ. ಹೋತಿನ ಹಗ್ಗಕ್ಕ ಸೈತ ಐತಿ. ನನಗೊಂದು ಇಲ್ಲೇನ್ರಿ ಸರ್?"

ಸರ್ ನೆಲ ನೋಡಿದ್ರು. ಅದು ಬ್ಯಾರೆರೀ ಅಕ್ಕಾರ, ಅಂತ ಸಣ್ಣಗ ಅಂದ್ರು. ಗಂಗಕ್ಕ ಒಳಗ ಹೋಗಿ ನನ್ನ ಬಿಚ್ಚಿದ್ಲು, ಮಡಚಿ ತಂದುಕೊಟ್ಲು. ಹೊಲಿಗಿ ಚಂದ ಐತಿ, ದಂಡ ಯಾಕ ಆಗಬೇಕು, ರಾಣಿಗೆ ಆಗತೈತಿ ಅಂದ್ರು ಮಂದಿ. ನನ್ನ ಬಣ್ಣ ಹೊಂದೂದಿಲ್ಲ ಅಂದಿದ್ದ ಮೇಡಂಗ ನಾನು ಅವತ್ತ ಹೊಂದಿದೆ.

ಆಟದ ದಿನ ಬಂತು. ಗುಡಿ ಬಯಲು ತುಂಬ ಮಂದಿ. ಸಾವಿರ ಅನ್ನಲಾ, ಲಕ್ಷ ಅನ್ನಲಾ? ನೂರಾರು ಇದ್ರು ಬಿಡ್ರಿ. ನನ್ನ ತೊಡಾಕ ಒಂದು ತ್ರಾಸೈತಿ, ಬೆನ್ನಿನ ಗಂಟು ತಾನ ಹಾಕ್ಕೊಳ್ಳಾಕ ಬರೂದಿಲ್ಲ, ಇನ್ನೊಬ್ಬರ ಕೈ ಬೇಕು. ಹೊಲದಾಕಿಗೆ ಗೊತ್ತಿರತೈತಿ, ಗಂಗಕ್ಕನ್ನ ಕರೀರಿ ಅಂದ್ರು. ನೋಡ್ರಿ ಹೆಂಗೈತಿ: ಕಟ್ಟಾಕ ಆಕಿ ಕೈ ನಡೀತೈತಿ, ತೊಡಾಕ ಆಕಿ ಬೆನ್ನು ನಡ್ಯೂದಿಲ್ಲ.

ಬಿಳಿ ಸೀರಿ ಉಟ್ಟು ಬಂದ್ಲು. ರಾಣಿ ಬೆನ್ನಿಗೆ ನನ್ನ ದಾರ ಕಟ್ಟಿದ್ಲು. ಆಕಿ ಬೆರಳು ತಣ್ಣಗಿದ್ವು. ಎಂಥಾ ಗಂಟು ಹಾಕಿದ್ಲು ನನಗ ಗೊತ್ತಾತು. ಜಾರುಗಂಟು. ಗೊಂಡೆ ಹಿಡದು ಒಂದು ಸಲ ಎಳದ್ರ ಸಾಕು, ರಾಣಿ ಬೆನ್ನ ಮ್ಯಾಲಿಂದ ನಾನು ಬಿಚ್ಚಿ ಬೀಳತೇನಿ.

ರಾಣಿ ಖುರ್ಚಿ ಮ್ಯಾಲ ಕುಂತ್ಲು, ಮಾಫಿ ಖುರ್ಚಿ. ಅದರ ಹಿಂದ ಕಂಬ. ಕಂಬದ ಬುಡಕ ಗಂಗಕ್ಕ. ಮುಂದ ಒಬ್ಬೊಬ್ಬಾಕೀನ ಬಂದು ಉಡಿ ತುಂಬಿಸಿಕೊಳ್ಳಾಕ ಹತ್ತಿದ್ಲು. ಹಿಂದ ಗಂಗಕ್ಕ ಕಥಿ ಚಾಲೂ ಮಾಡಿದ್ಲು. ಯಾವ ಕಥಿ? ನಾನೊಂದು ಖಣ, ಅಂತ ಚಾಲೂ ಮಾಡಿದ್ಲು. ನೆಗಡಿ, ಸೊಟ್ಟ ಹೂವು, ಉಡಿಯಿಂದ ಉಡಿಗೆ ತಿರುಗಾಟ, ಮಂದಿ ಹೊಟ್ಟಿ ಹಿಡಕೊಂಡು ನಗತಿತ್ತು. ರಾಣೀನೂ ನಗತಿದ್ಲು. ಕಥಿ ತೊಟ್ಟಿಲ ಕಾರ್ಯದ ಮನಿಗೆ ಬಂತು, ತಾಟು ಹೊಳ್ಳಿತು. ನಗು ಕಡಿಮಿ ಆತು. ನನ್ನ ಕೆಳಗ ರಾಣಿ ಮೈ ಬೆವತಿದ್ದು ನನಗಷ್ಟ ಗೊತ್ತು.

ಎಲ್ಲಾರ ಉಡಿ ತುಂಬಿ ಆತು. ತಾಟಿನಾಗ ಒಂದು ಖಣ ಉಳದಿತ್ತು. ಸರ್ ದೂರದಿಂದ, ಮುಗೀತು ಏಳ್ರಿ ಅಂತ ಕೈ ಮಾಡಿದ್ರು. ರಾಣಿ ಆ ಖಣದ ಮ್ಯಾಲ ಕೈ ಇಟ್ಟು ಹಂಗ ಕುಂತ್ಲು. ಹಿಂದ ಗಂಗಕ್ಕನ ಕಡೆ ಹೊಳ್ಳಬೇಕೋ, ಮುಂದ ಎದ್ದು ಹೋಗಬೇಕೋ. ಕಥಿ ಮಾಫಿ ಮಾತಿಗೆ ಬಂದು ನಿಂತಿತ್ತು. ಗಂಗಕ್ಕನ ಬೆರಳಾಗ ನನ್ನ ಗೊಂಡೆ ಇತ್ತು.

ಈಗ ನಾನು ಒಂದು ತಗಡಿನ ಟ್ರಂಕಿನಾಗ ಅದೇನಿ. ನುಸಿಗುಳಿಗಿ ವಾಸನಿ, ಕತ್ತಲ. ಟ್ರಂಕು ಯಾರದು ಅಂತ ಹೇಳೂದಿಲ್ಲ. ಎಷ್ಟೋ ಉಡಿ ಕಂಡೆ, ಎರಡು ಬೆನ್ನು ಕಂಡೆ. ಹಳೇ ಕಾಲ ಎಲ್ಲೂ ಹೋಗಿಲ್ಲರೀ, ಅದನ್ನ ಹೊಲದು ತೊಡೂ ಕಷ್ಟ ಯಾಕ ತೊಗೋತಾರೋ ಏನೋ. ಮೈ ಬಣ್ಣ ಇನ್ನೂ ಐತಿ, ಹೂವು ಇನ್ನೂ ಸೊಟ್ಟನ ಅದಾವು. ದಾರಾನೂ ಎರಡೂ ಅದಾವು. ಗೊಂಡೆ ಮಾತ್ರ ಒಂದ ಐತಿ, ಗಂಗಕ್ಕನ ಬೆರಳಾಗ ಇದ್ದದ್ದು ಇಲ್ಲ.

ಇನ್ನೊಂದು ಎಲ್ಲಿ ಹೋತು, ನೀವ ಹೇಳ್ರಿ ನೋಡೋಣು.