ಲೆಸ್ಟರನ ಹಾಡಿನ ನಾನೂರು ಮೂಕ ತುಂಡುಗಳು

ಮಂಗಳೂರಿನ ಹಂಪನಕಟ್ಟೆಯ ಬಸ್ಸುಗಳ ಹಾರನ್ನಿನ ನಡುವೆ ಸೂಜಿ ಬಿದ್ದರೂ ಅದು ಯಾವ ಶ್ರುತಿಯಲ್ಲಿ ಬಿತ್ತು ಅಂತ ಹೇಳಬಲ್ಲ ಕಿವಿ ಭೂಮಿಯ ಮೇಲೆ ಒಂದೇ ಜೊತೆ ಉಂಟು. ಅದು ನನ್ನ ತಲೆಗೆ ಅಂಟಿಕೊಂಡಿದೆ. ನನ್ನ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಯಾರ ಸ್ವರದ ಒಂದು ಚೂರನ್ನೂ ನಾನು ಅಳಿಸಿದವನಲ್ಲ. ಬೇಡದ್ದನ್ನು ಮ್ಯೂಟ್ ಮಾಡ್ತೇನೆ, ಅಷ್ಟೆ. ಅದು ಬಾಯಿ ಮುಚ್ಚಿ, ಬೂದು ಬಣ್ಣಕ್ಕೆ ತಿರುಗಿ, ಕಂಪ್ಯೂಟರ್ ಪರದೆಯಲ್ಲೇ ಬಿದ್ದಿರುತ್ತದೆ. ಲೆಸ್ಟರನ ಹಾಡು ಮುಗಿಯುವಾಗ ಬೇಕಾದ ತುಂಡುಗಳು ಮೂವತ್ತೆಂಟು, ಬೂದು ತುಂಡುಗಳು ನಾನೂರು. ಬೆಂಗ್ರೆಯ ಮರಳಲ್ಲಿ ಮೀನು ಒಣಗಲು ಹಾಕಿದ ಹಾಗೆ ಪರದೆ.

ಲೆಸ್ಟರನಿಗೆ ಕುವೈತಿನಲ್ಲಿ ಕೆಲಸ. ತಂಗಿ ವಿನಿಫ್ರೆಡಳ ಮದುವೆಗೆಂದೇ ಬಂದಿದ್ದ. ಮದುವೆ ಒಂದು ವಾರ ಮುಂದೆ ಹೋಯಿತು, ರಜೆ ಹೋಗಲಿಲ್ಲ. "ಶನಿವಾರ ಅವಳು ಮದುವೆ ಹಾಲಿಗೆ ಕಾಲಿಡುವಾಗ ನಾನಿರುವುದಿಲ್ಲ ಕಿಶೋರ. ನನ್ನ ಸ್ವರವಾದರೂ ಇರಬೇಕು" ಅಂತ ಹದಿನೇಳು ಸಲ ಹಾಡಿ ಕೊಟ್ಟ. ಅದನ್ನೆಲ್ಲ ತುಂಡು ತುಂಡು ಮಾಡಿ, ಒಳ್ಳೆಯದನ್ನು ಮಾತ್ರ ಆರಿಸಿ ಒಂದು ಹಾಡಾಗಿ ಜೋಡಿಸಿದ್ದೆ.

ಶುಕ್ರವಾರ ಮಧ್ಯಾಹ್ನ, ಆ ಬೂದು ರಾಶಿಯನ್ನು ಮರೆಮಾಡುವಾ ಅಂತ ಎಲ್ಲವನ್ನೂ ಒಟ್ಟಿಗೆ ಹಿಡಿದು ಒಂದು ಕೀ ಒತ್ತಿದೆ. ಒತ್ತಿದ್ದು ಬೇರೆಯದೇ ಕೀ. ಹಸಿವೆಯಲ್ಲಿ ನೋಡಲೂ ಇಲ್ಲ; ಸೇವ್ ಮಾಡಿ, ಮುಚ್ಚಿ, ಊಟಕ್ಕೆ ಹೋದೆ. ಬಂದು ತೆರೆದರೆ ನಾನೂರಕ್ಕೆ ನಾನೂರೂ ಬಣ್ಣ ಬಳಿದುಕೊಂಡು ಎದ್ದು ಕೂತಿವೆ! ಪ್ಲೇ ಒತ್ತಿದೆ. ಹದಿನೇಳು ಲೆಸ್ಟರರು ಒಟ್ಟಿಗೆ ಹಾಡಿದರು, ಒಂಬತ್ತು ಲೆಸ್ಟರರು ಕೆಮ್ಮಿದರು, ಒಬ್ಬ "ಎಂತ ಮಾರಾಯ, ಪುನಃ ತಪ್ಪಿತು" ಅಂದ. ಕೆಳಗೆ ರಸ್ತೆಯಲ್ಲಿ ಕಂಡಕ್ಟರ್ ಇದಿನಬ್ಬ ಸೀಟಿ ಊದುವುದನ್ನೇ ಮರೆತನಂತೆ.

ಪಕ್ಕದ ಕೋಣೆಯಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವ ಲಿಡಿಯಾ ಬಾಗಿಲು ತಳ್ಳಿದಳು. "ಕಿಶೋರಣ್ಣ, ಒಳಗೆ ಎಂತ, ಮೀನು ಏಲವಾ?"

ವಿಷಯ ಹೇಳಿದೆ. ಒಮ್ಮೆ ಮುಚ್ಚಿದ ಮೇಲೆ ಹಿಂದಕ್ಕೆ ಹೋಗುವ ದಾರಿ ಇಲ್ಲ. ಲೆಸ್ಟರ್ ಆಗಲೇ ವಿಮಾನ ಹಿಡಿಯಲು ಬಜಪೆಗೆ ಹೊರಟಾಗಿದೆ. ಯಾವ ತುಂಡು ಬೇಕಾದದ್ದು, ಯಾವುದು ಬೇಡದ್ದು ಅಂತ ನನಗೇ ಗೊತ್ತಿಲ್ಲ.

"ಸೂಜಿಯ ಶ್ರುತಿ ಹೇಳುವ ಕಿವಿ ಎಲ್ಲಿ ಹೋಯಿತು?"

"ಉಂಟು. ಈಗ ನಾನೂರ ಮೂವತ್ತೆಂಟು ಸೂಜಿ ಒಟ್ಟಿಗೆ ಬಿದ್ದಿವೆ, ಮಾರಾಯ್ತಿ!"

ಅವಳು ಮೊದಲು ಮಾಡಿದ್ದು ಸ್ಪೀಕರ್ ಆಫ್. ಹಾಡು ಸರಿಮಾಡಲು ಬಂದವಳು ಹಾಡನ್ನೇ ಕೇಳಲಿಲ್ಲ! ಪರದೆಯನ್ನು ಹಿಗ್ಗಿಸಿ ಹಿಗ್ಗಿಸಿ, ಒಂದೊಂದು ತುಂಡಿನ ಅಂಚನ್ನೇ ನೋಡುತ್ತಾ ಹೋದಳು. ಆ ಕಣ್ಣಿನ ಮುಂದೆ ಗಿಡುಗನಿಗೂ ಕನ್ನಡಕ ಬೇಕು.

"ಇದರ ಎರಡೂ ತುದಿ ಇಳಿಜಾರು ಉಂಟು, ನೋಡಿ. ಟಪ್ ಅಂತ ಕೇಳಬಾರದು, ಸ್ವರ ಮೆಲ್ಲಗೆ ಏರಿಳಿಯಬೇಕು ಅಂತ ಫೇಡ್ ಹಾಕಿದ್ದೀರಿ. ಈ ಇನ್ನೊಂದಕ್ಕೆ ಹಾಕಲಿಲ್ಲ."

"ಬಳಸದ ತುಂಡಿಗೆ ಯಾರು ಹಾಕ್ತಾರೆ?"

"ಅದೇ. ನೀವು ಸೋಮಾರಿಯಾದದ್ದು ಪುಣ್ಯ."

ಇಳಿಜಾರು ಇಲ್ಲದವನ್ನೆಲ್ಲ ಆರಿಸಿ, ಮ್ಯೂಟ್ ಮಾಡಿ, ಕೆಳಗೆ ಒಂದೇ ಫೋಲ್ಡರಿಗೆ ತುಂಬಿ ಮಡಚಿಟ್ಟಳು. ಅರಬ್ಬಿ ಸಮುದ್ರವನ್ನು ಬೆಡ್‌ಶೀಟಿನ ಹಾಗೆ ಮಡಚಿ ಕಪಾಟಿನಲ್ಲಿಟ್ಟರೂ ನಾನು ಅಷ್ಟು ಬೆರಗಾಗುತ್ತಿರಲಿಲ್ಲ. ಸ್ಪೀಕರ್ ಹಾಕಿದಳು. ಒಬ್ಬನೇ ಲೆಸ್ಟರ್, ತಿಳಿಯಾಗಿ.

"ಆದರೆ ಮೂವತ್ತೊಂಬತ್ತು ಉಂಟಲ್ಲ" ಅಂದಳು.

ಹೆಚ್ಚಿನದ್ದು ಕೊನೆಯ ಚರಣದ ಮೊದಲು ಇತ್ತು. ಲೆಸ್ಟರ್ ಸಣ್ಣಗೆ ನಕ್ಕು ತಂಗಿಯನ್ನು "ವಿನ್ನೀ" ಅಂತ ಕರೆದಿದ್ದ. ಕರೆಯುವಾಗ ಸ್ವರ ಒಡೆದಿತ್ತು. ಇಷ್ಟವಾಗಿ ನಾನೇ ಅಂಚು ನಯ ಮಾಡಿದ್ದೆ. ಆಮೇಲೆ ಶುದ್ಧ ಇಲ್ಲ ಅಂತ ನಾನೇ ಬಾಯಿ ಮುಚ್ಚಿಸಿದ್ದೆ.

"ಇದು ನಾವು ತೀರ್ಮಾನಿಸುವುದಲ್ಲ" ಅಂತ ಲಿಡಿಯಾ ನನ್ನ ಫೋನನ್ನೇ ಎತ್ತಿ ಕೊಟ್ಟಳು.

ಲೆಸ್ಟರ್ ಏರ್‌ಪೋರ್ಟಿನ ಕ್ಯೂನಲ್ಲಿದ್ದ. ಕೇಳಿಸಿದೆ. ಆಚೆ ಕಡೆ ಅನೌನ್ಸ್‌ಮೆಂಟಿನ ಗದ್ದಲ. ಅದರ ನಡುವೆಯೇ "ಇಡು ಮಾರಾಯ. ಅಳ್ತಾಳೆ. ಅಳಲಿ" ಅಂದ.

ಶನಿವಾರ ಮದುವೆ ಹಾಲಿನಲ್ಲಿ ಹಾಡು ಯಾರ ಕೆಲಸ ಅಂತ ಕೇಳಿದವರಿಗೆಲ್ಲ ಲಿಡಿಯಾಳನ್ನು ತೋರಿಸಿದೆ. ನನ್ನ ಬಾಯಿಂದ ಇನ್ನೊಬ್ಬರ ಹೊಗಳಿಕೆ ಬಂದದ್ದು ಕೇಳಿ ನನ್ನ ಕಿವಿಯೇ ನಂಬಲಿಲ್ಲ. ಹಾಡು ಕೊನೆಯ ಚರಣಕ್ಕೆ ಬಂತು. "ವಿನ್ನೀ" ಅಂದದ್ದೇ ತಡ, ಮದುಮಗಳು ನಡುದಾರಿಯಲ್ಲಿ ಗಕ್ಕನೆ ನಿಂತಳು. ಅವಳ ಹಿಂದೆ ಮೆರವಣಿಗೆಯಲ್ಲಿ ಬರುತ್ತಿದ್ದ ಜೋಡಿಗಳೆಲ್ಲ ಒಂದರ ಮೇಲೊಂದು ಢಿಕ್ಕಿ. ಅಣ್ಣನೇ ಬಂದನೋ ಎಂಬಂತೆ ಅವಳು ತಿರುಗಿ ಬಾಗಿಲ ಕಡೆ ನೋಡಿದಳು. ಅಲ್ಲಿ ಕೇಟರಿಂಗಿನ ತಮೀಮ್ ಐಸ್‌ಕ್ರೀಮ್ ಟ್ರೇ ಹಿಡಿದು ನಿಂತಿದ್ದ. ಮದುಮಗಳು ಹಾಗೆ ಕಣ್ಣು ತುಂಬಿ ನಗುವುದನ್ನು ಕಂಡು, ಪಾಪ, ಅವನೂ ನಕ್ಕ.