ನಮ್ಮ ಛತ್ರದ ಸಿನಿಮಾ

ಸಿನಿಮಾದ ಹೆಸರು ಹೇಳುವುದಿಲ್ಲ. ಅದನ್ನು ಮಾಡಿದ ಹುಡುಗರಿಗೂ ತಾಯಂದಿರಿದ್ದಾರೆ, ಅವರ ಹೊಟ್ಟೆ ಉರಿಸಿ ನನಗೇನಾಗಬೇಕಿದೆ. ರಾತ್ರಿ ಹೊತ್ತು ಖಾಲಿ ಕಟ್ಟಡವೊಂದರಲ್ಲಿ ಸಿಕ್ಕಿಹಾಕಿಕೊಂಡ ಸ್ನೇಹಿತರು, ಅವರ ಹಿಂದೆ ಬೀಳುವ ಒಂದು ದೆವ್ವ, ಅಷ್ಟೇ ಕಥೆ. ಆ ಖಾಲಿ ಕಟ್ಟಡ ಮಾತ್ರ ನಮ್ಮದು. ನಮ್ಮದು ಎಂದರೆ ನನ್ನ ಅಕ್ಕ ಅಕ್ಕಯ್ಯಮ್ಮನದು. ಕುರುಬರಹಳ್ಳಿಯಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ತಮ್ಮ ಹೊಲದಲ್ಲೇ ಭಾವ ಚಿಕ್ಕಣ್ಣ ಕಟ್ಟಿಸಿದ ಮೂರು ಮಹಡಿಯ ಮದುವೆ ಛತ್ರ. ಅಲ್ಲಿ ಮದುವೆ ಮಾಡಬೇಕಾದರೆ ವರ್ಷ ಮೊದಲೇ ಹೇಳಿಡಬೇಕಿತ್ತು. ಆಮೇಲೆ ಎಲ್ಲರಿಗೂ ಕಾರು ಬಂತು. ನಮ್ಮ ಛತ್ರದ ಮುಂದೆ ಸ್ಕೂಟರ್ ನಿಲ್ಲಿಸುವುದೇ ಕಷ್ಟ, ಇನ್ನು ಕಾರೆಲ್ಲಿ ನಿಲ್ಲಬೇಕು? ಮದುವೆಗಳೆಲ್ಲ ಊರಾಚೆಯ ದೊಡ್ಡ ಹಾಲ್‌ಗಳಿಗೆ ಹೊರಟುಹೋದವು, ಛತ್ರಕ್ಕೆ ಬೀಗ ಬಿತ್ತು.

ಅಕ್ಕನ ಮಗ ರೇವಂತ್ ಅದನ್ನು ಶೂಟಿಂಗಿಗೆ ಕೊಟ್ಟಾಗ ನಾನು ಚೆನ್ನಾಗಿ ಬೈದೆ. ಶುಭಕಾರ್ಯ ನಡೆಯುವ ಜಾಗದಲ್ಲಿ ದೆವ್ವ ಕುಣಿಸಿದರೆ ಮುಂದೆ ಯಾರು ತಾನೆ ಅಲ್ಲಿ ತಾಳಿ ಕಟ್ಟುತ್ತಾರೆ ಎಂದು ಕೇಳಿದೆ. ಈಗ ಯಾರು ಕಟ್ಟುತ್ತಿದ್ದಾರೆ ಚಿಕ್ಕಮ್ಮ ಎಂದು ಅವನು ನಕ್ಕ. ಅಕ್ಕ ಮಾತ್ರ ಒಂದೇ ಮಾತಿಗೆ ಒಪ್ಪಿದಳು. ಒಪ್ಪಿದ್ದಷ್ಟೇ ಅಲ್ಲ, ಆ ಸಿನಿಮಾ ಹುಡುಗರನ್ನು ಮನೆಗೆ ಕರೆಸಿ, ಕಾಫಿ ಕೊಟ್ಟು, ಛತ್ರದ ಬೋರ್ಡು ಪೂರ್ತಿ ಕಾಣುವ ಹಾಗೆ ತೆಗೀಬೇಕು ಕಣ್ರಪ್ಪ ಎಂದು ಕೇಳಿಕೊಂಡಳು. ಬೋರ್ಡಿನ ಮೇಲಿರುವುದು ಭಾವನ ಹೆಸರು.

ಯಾಕೆ ಕೇಳಿಕೊಂಡಳೆಂದು ನನಗೆ ಗೊತ್ತಿತ್ತು. ಐದು ವರ್ಷದ ಹಿಂದೆ ಶಿವರಾತ್ರಿಗೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋದ ಭಾವ ವಾಪಸ್ ಬರಲಿಲ್ಲ. ಜೊತೆಗೆ ಹೋದವರೆಲ್ಲ ಬಂದರು. ಕಾಡಿನ ದಾರಿಯಲ್ಲಿ, ನೀವು ಮುಂದೆ ನಡೀರಿ, ನಾನು ಬರ್ತೀನಿ ಎಂದು ಕಲ್ಲಿನ ಮೇಲೆ ಕುಳಿತವರು ಆಮೇಲೆ ಯಾರ ಕಣ್ಣಿಗೂ ಬೀಳಲಿಲ್ಲವಂತೆ. ಅದೇ ತಿಂಗಳು ಅಕ್ಕನಿಗೆ ಎದೆನೋವು ಬಂದು ಸ್ಟೆಂಟ್ ಹಾಕಿಸಬೇಕಾಯಿತು. ಆಸ್ಪತ್ರೆಯಿಂದ ಬಂದವಳು ಕಾಯುತ್ತಾ ಕೂತಳು. ಎಲ್ಲೋ ಮಠದಲ್ಲಿ ಇದ್ದಾರೆ, ನೆನಪು ಕೆಟ್ಟಿದೆ, ಬರುತ್ತಾರೆ ಎಂದು ಕೇಳಿದವರಿಗೆಲ್ಲ ಹೇಳುವಳು. ನಾಲ್ಕಾಣೆ ಅಗಲದ ಕುಂಕುಮ, ತಲೆ ತುಂಬ ಹೂವು, ಒಂದು ದಿನವೂ ತಪ್ಪಿಸಲಿಲ್ಲ. ನನ್ನ ಅಂದಾಜೇ ಬೇರೆ ಇತ್ತು. ಛತ್ರ ಮುಚ್ಚಿದ ಮೇಲೆ ಮನೆಯಲ್ಲಿ ಮಾತು ಬಿಟ್ಟಿದ್ದ ಮನುಷ್ಯ ಬೇಕೆಂದೇ ಹೋಗಿದ್ದಾರೆ, ಯಾವುದೋ ಊರಿನಲ್ಲಿ ಕಾವಿ ಸುತ್ತಿಕೊಂಡು ಆರಾಮಾಗಿ ಉಣ್ಣುತ್ತಿದ್ದಾರೆ ಎಂದೇ ನಂಬಿದ್ದೆ. ಅಕ್ಕ ಒಬ್ಬಳೇ ಕೂತು ಊಟ ಮಾಡುವುದನ್ನು ನೋಡಿದಾಗಲೆಲ್ಲ ಅವರಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕುತ್ತಿದ್ದೆ.

“ಅವ್ರು ಎಲ್ಲೇ ಇದ್ರೂ ಸಿನಿಮಾ ನೋಡೋದು ಬಿಡಾಕಿಲ್ಲ ಪಂಕಿ,” ಎಂದಿದ್ದಳು ಅಕ್ಕ. “ಬೋರ್ಡು ಕಂಡ್ರೆ ಮನೆ ಗ್ಯಾಪ್ಕ ಬತ್ತದೆ.”

ಸಿನಿಮಾ ಬಿಡುಗಡೆಯಾದ ವಾರ ರೇವಂತ್‌ನೇ ಟಿಕೆಟ್ ತಂದ. ಮಾಗಡಿ ರಸ್ತೆಯ ಮಾಲ್‌ನಲ್ಲಿ ಮಧ್ಯಾಹ್ನದ ಆಟ. ಅವನು, ಅಕ್ಕ, ನಾನು, ನನ್ನ ಯಜಮಾನರು ಗೋಪೀನಾಥ. ಅಕ್ಕ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ದೆವ್ವದ ಸಿನಿಮಾಕ್ಕೆ ರೇಷ್ಮೆ ಸೀರೆ ಉಟ್ಟವಳು ಇಡೀ ಬೆಂಗಳೂರಿನಲ್ಲಿ ಇವಳೊಬ್ಬಳೇ ಇರಬೇಕು ಎಂದು ರೇಗಿಸಿದೆ. ಶುರುವಿನಲ್ಲೇ, ಕಟ್ಟಡ ಕೊಟ್ಟು ಸಹಕರಿಸಿದ್ದಕ್ಕೆ ಕೃತಜ್ಞತೆ ಎಂದು ರೇವಂತ್‌ನ ಹೆಸರು ಬಂತು, ಅವನು ಶಿಳ್ಳೆ ಹೊಡೆದ. ಅದರ ಬೆನ್ನಿಗೇ ಛತ್ರದ ಬೋರ್ಡು ಬಂತು. ಹುಡುಗರು ಮಾತಿಗೆ ತಪ್ಪಿರಲಿಲ್ಲ, ಒಂದಕ್ಷರವೂ ಮರೆಯಾಗದ ಹಾಗೆ ತೆಗೆದಿದ್ದರು. ಅಕ್ಕ ನನ್ನ ಕೈ ಹಿಡಿದು ಒತ್ತಿದಳು.

ಆಮೇಲಿನದನ್ನು ಏನು ಹೇಳಲಿ. ಕರೆಂಟು ಹೋಯಿತು, ಬಂತು. ಬಾಗಿಲು ಕಿರ್ ಎಂದಿತು. ಬೆಕ್ಕು ಹಾರಿತು. ದೆವ್ವವಿದೆ ಎಂದು ಗೊತ್ತಿದ್ದೂ ನಾಯಕಿ ಒಬ್ಬಳೇ ಬಚ್ಚಲಿಗೆ ಹೋದಳು. ಕೊನೆಗೂ ದೆವ್ವ ಕಾಣಿಸಿಕೊಂಡಿತು, ಎಲ್ಲಿಂದ ಅಂತೀರಿ, ನಮ್ಮ ಛತ್ರದ ಅಡುಗೆಮನೆಯ ಕೊಪ್ಪರಿಗೆಯೊಳಗಿಂದ. ಹಿಂದಿನ ಸಾಲಿನ ಹುಡುಗನೊಬ್ಬ, “ಮಗಾ, ಕೇಸರಿಬಾತ್ ಮಾಡಕ್ಕೆ ಬಂದಿದೆ ಕಣೋ,” ಎಂದ. ಥಿಯೇಟರಿಗೆ ಥಿಯೇಟರೇ ನಕ್ಕಿತು, ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅಕ್ಕನಿಗೆ ಕಥೆಯೇ ಬೇಕಿರಲಿಲ್ಲ. ಮೆಟ್ಟಿಲು ಬಂದರೆ ಇದು ನಿಮ್ಮ ಭಾವನೇ ನಿಂತು ಹಾಕಿಸಿದ ಕಲ್ಲು, ಕಿಟಕಿ ಬಂದರೆ ಇದಕ್ಕೆ ಮರ ಆರಿಸಿದವರು ಅವರೇ ಎಂದು ನನ್ನ ಕಿವಿಯಲ್ಲಿ ಹೇಳುತ್ತಲೇ ಇದ್ದಳು.

ಇಂಟರ್ವಲ್ ಆದ ಮೇಲೆ ಆ ಸ್ನೇಹಿತರು ಮೂರನೇ ಮಹಡಿಗೆ ಓಡಿದರು. ಅಲ್ಲಿ ಹೆಣ್ಣಿನ ಕಡೆಯವರು ಇಳಿದುಕೊಳ್ಳುವ ಕೋಣೆಯಿದೆ. ಬಾಗಿಲು ತೆರೆಯಿತು, ಒಳಗೆ ಕತ್ತಲು, ನಾಯಕನ ಕೈಯಲ್ಲಿ ಟಾರ್ಚು. ಬೆಳಕು ಗೋಡೆಯ ಮೇಲೆ ಹರಿದು ಒಂದು ದೊಡ್ಡ ಫೋಟೋದ ಮೇಲೆ ನಿಂತಿತು. ಗಾಜಿನ ಮೇಲೆ ಕುಂಕುಮ, ಸುತ್ತ ಒಣಗಿ ಕಪ್ಪಾದ ಹೂವಿನ ಹಾರ.

ಫೋಟೋದಲ್ಲಿದ್ದದ್ದು ಭಾವ.

ಅದೇ ಬಿಳಿ ಅಂಗಿ, ಹೆಗಲ ಮೇಲೆ ಅದೇ ಜರಿಯಂಚಿನ ಶಲ್ಯ. ನನಗೆ ಮೊದಲು ಬಂದದ್ದು ಸಿಟ್ಟು. ಛತ್ರದ ಆಫೀಸಿನಲ್ಲಿದ್ದ ಫೋಟೋ ತೆಗೆದು ಈ ಹುಡುಗರು ದೆವ್ವ ಮಾಡಿದ್ದಾರೆ, ಬದುಕಿರುವವರ ಫೋಟೋಗೆ ಹಾರ ಹಾಕಬಾರದೆಂಬ ಬುದ್ಧಿಯೂ ಈ ಮುಂಡೇವಕ್ಕೆ ಬೇಡವೇ ಎಂದು ಸೀಟು ಬಿಟ್ಟು ಅರ್ಧ ಎದ್ದಿದ್ದೆ. ಅಷ್ಟರಲ್ಲಿ ಟಾರ್ಚು ಕೆಳಗಿಳಿಯಿತು. ಫೋಟೋದ ಮುಂದೆ ನೆಲದ ಮೇಲೆ ಒಣಗಿದ ಬಾಳೆಲೆ. ಪಕ್ಕದಲ್ಲಿ ಮಡಿಸಿಟ್ಟ ಹೊಸ ಪಂಚೆ, ಒಂದು ಕಟ್ಟು ಬೀಡಿ, ಬ್ರಾಂದಿಯ ಕ್ವಾರ್ಟರ್ ಬಾಟಲಿ. “ಗುರು, ದೆವ್ವ ಎಣ್ಣೆ ಹಾಕ್ತದೆ,” ಎಂದು ಹಿಂದಿನ ಹುಡುಗ ಕೂಗಿದ, ಮತ್ತೆ ಎಲ್ಲರೂ ನಕ್ಕರು. ನಮ್ಮ ಕಡೆಯವರಿಗೆ ಅದು ನಗುವ ವಿಷಯವಲ್ಲ. ಮಹಾಲಯ ಅಮಾವಾಸ್ಯೆಯ ದಿನ ಸತ್ತ ಹಿರಿಯರಿಗೆ ನಾವು ಎಡೆ ಇಡುವುದು ಹಾಗೆಯೇ, ಬದುಕಿದ್ದಾಗ ಅವರಿಗೆ ಏನೇನು ಪ್ರೀತಿಯೋ ಅದನ್ನೆಲ್ಲ ಎಲೆಯ ಮುಂದೆ ಜೋಡಿಸಿ. ಭಾವನಿಗೆ ಆ ಬೀಡಿಯೇ ಆಗಬೇಕು, ಅಷ್ಟೇ ಬ್ರಾಂದಿ ಸಾಕು. ಇದು ಸಿನಿಮಾದ ಹುಡುಗರಿಗೆ ಹೇಗೆ ಗೊತ್ತಾದೀತು?

ಎಲೆಯ ಪಕ್ಕದಲ್ಲಿ ಒಂದು ಸ್ಟೀಲ್ ಡಬ್ಬಿಯಿತ್ತು. ಕ್ಯಾಮೆರಾ ಅದರ ಹತ್ತಿರ ಹೋಯಿತು. ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರ, ಪಂಕಜಾ ಗೋಪೀನಾಥ, ಮಾರೇನಹಳ್ಳಿ. ನನ್ನ ಡಬ್ಬಿ. ನನ್ನ ಮದುವೆಗೆ ಅಮ್ಮ ಹೆಸರು ಹಾಕಿಸಿ ಕೊಟ್ಟಿದ್ದ ಪಾತ್ರೆಗಳಲ್ಲಿ ಒಂದು. ಪ್ರತಿ ವರ್ಷ ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಎಡೆಗೆ ಮಾಡಿದ ವಡೆ, ಕಜ್ಜಾಯ, ಬಾಡಿನ ಸಾರನ್ನು ಯಜಮಾನರು ಒಂದು ಪಾಲು ಕಟ್ಟಿಸಿಕೊಂಡು ಹೋಗುತ್ತಿದ್ದರು. ಬಾಪೂಜಿ ನಗರದಲ್ಲಿ ಒಬ್ಬಂಟಿ ಸ್ನೇಹಿತನಿದ್ದಾನೆ, ಪಾಪ, ಹಬ್ಬದ ಊಟ ಅವನಿಗೆ ಯಾರು ಕೊಡುತ್ತಾರೆ ಎನ್ನುವರು. ಕಳೆದ ವರ್ಷ ಡಬ್ಬಿ ವಾಪಸ್ ಬರಲಿಲ್ಲವೆಂದು ವಾರವಿಡೀ ಜಗಳವಾಡಿದ್ದೆ. ಐದು ವರ್ಷ ನಾನೇ ಭಾವನ ಎಡೆಗೆ ಅಡುಗೆ ಮಾಡಿದ್ದೇನೆ, ಅದೇ ಒಲೆಯ ಮುಂದೆ ನಿಂತು ಅವರಿಗೆ ಶಾಪವನ್ನೂ ಹಾಕಿದ್ದೇನೆ. ಯಜಮಾನರ ಕಡೆ ತಿರುಗಿದೆ. ಅವರು ಪರದೆ ನೋಡುತ್ತಿರಲಿಲ್ಲ, ತಲೆ ತಗ್ಗಿಸಿದ್ದರು. ಅವರಾಚೆ ರೇವಂತ್ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಿದ್ದ.

ಅಕ್ಕನ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ. ಪರದೆಯ ಮೇಲೆ ದೆವ್ವ ಮತ್ತೆ ಬಂತು, ಯಾರೋ ಕಿರುಚಿಕೊಂಡರು, ಜನ ನಗುತ್ತಲೇ ಇದ್ದರು. ನನ್ನ ಕೈ ಇನ್ನೂ ಅವಳ ಕೈಯೊಳಗೇ ಇತ್ತು.

“ರೇವಂತ,” ಎಂದಳು ಸ್ವಲ್ಪ ಹೊತ್ತಿನ ಮೇಲೆ, ಪರದೆಯಿಂದ ಕಣ್ಣು ತೆಗೆಯದೆ. “ಅದು ಸಿನಿಮಾದವ್ರು ಇಟ್ಟಿದ್ದಾ, ನೀನು ಇಟ್ಟಿದ್ದಾ?”

“ನಾನಮ್ಮ,” ಎಂದ ಅವನು.

ಆಂಟಿ, ಸ್ವಲ್ಪ ಮಾತು ಕಮ್ಮಿ ಮಾಡಿ ಎಂದು ಹಿಂದಿನಿಂದ ಯಾರೋ ಹೇಳಿದರು. ನಾವು ಎದ್ದು ಹೊರಗೆ ಬಂದೆವು.

ಕಾರಿನಲ್ಲಿ ರೇವಂತ್ ಹೇಳಿದ. ಅಕ್ಕ ಆಸ್ಪತ್ರೆಯಲ್ಲಿದ್ದಾಗಲೇ ಬೆಟ್ಟದ ಕಡೆಯ ಪೊಲೀಸರಿಂದ ಫೋನ್ ಬಂದಿತ್ತಂತೆ. ಕಾಡಿನ ಹಳ್ಳವೊಂದರಲ್ಲಿ ಹೆಣ ಸಿಕ್ಕಿತ್ತು. ಅವನೂ ನನ್ನ ಯಜಮಾನರೂ ಹೋಗಿ ಉಂಗುರ, ಬೆಳ್ಳಿಯ ಉಡಿದಾರ ನೋಡಿ ಗುರುತು ಹಿಡಿದು, ಅಲ್ಲೇ ಮಣ್ಣು ಮಾಡಿ ಬಂದರು. ಅಕ್ಕನ ಎದೆ ಯಾವ ಆಘಾತವನ್ನೂ ತಡೆಯುವ ಸ್ಥಿತಿಯಲ್ಲಿಲ್ಲ ಎಂದು ಡಾಕ್ಟರು ಹೇಳಿದ್ದರು. ಒಂದೆರಡು ತಿಂಗಳು ಹೋಗಲಿ, ಆಮೇಲೆ ಹೇಳೋಣ ಎಂದುಕೊಂಡರು. ಆಮೇಲೆ ಹಬ್ಬ ಬಂತು, ಹಬ್ಬ ಮುಗಿಯಲಿ ಎಂದುಕೊಂಡರು. ಒಂದು ಸಲ ಸುಳ್ಳು ಹೇಳಿದ ಮೇಲೆ ನಿಜ ಹೇಳುವುದಕ್ಕೆ ಒಳ್ಳೆಯ ದಿನ ಅಂತ ಒಂದು ಬರುವುದೇ ಇಲ್ಲ. ಆದರೆ ಎಡೆಯಿಲ್ಲದೆ ಅಪ್ಪ ಹಸಿದು ಅಲೆಯುತ್ತಾರಲ್ಲ ಎಂಬ ಸಂಕಟ ಮಗನಿಗೆ. ಮನೆಯಲ್ಲಿ ಇಡುವ ಹಾಗಿಲ್ಲ. ಖಾಲಿ ಬಿದ್ದ ಛತ್ರದ ಮೇಲಿನ ಕೋಣೆಯಲ್ಲಿ ಇಟ್ಟ, ಬೀಗ ಹಾಕಿದ. ಶೂಟಿಂಗಿಗೆ ಕೊಡುವಾಗ ಅದೊಂದು ಕೋಣೆ ತೆಗೆಯಬೇಡಿ, ಹಳೇ ಸಾಮಾನಿದೆ ಎಂದು ಹೇಳಿ, ಇಡೀ ಬೀಗದ ಕೈ ಗೊಂಚಲನ್ನು ಅವರ ಕೈಗೇ ಕೊಟ್ಟ. ತೆಗೆಯಬೇಡಿ ಎಂದ ಬಾಗಿಲನ್ನು ದೆವ್ವದ ಸಿನಿಮಾದವರು ತೆಗೆಯದೆ ಬಿಡುತ್ತಾರೆಯೇ? ಒಳಗಿದ್ದದ್ದು ಇದ್ದ ಹಾಗೆಯೇ ಚೆನ್ನಾಗಿದೆ ಎಂದು ತೆಗೆದುಕೊಂಡುಬಿಟ್ಟಿದ್ದರು.

ನಾನು ಯಜಮಾನರಿಗೆ ಬಾಯಿಗೆ ಬಂದದ್ದೆಲ್ಲ ಬೈದೆ. ಒಂದೇ ಮಂಚದಲ್ಲಿ ಮಲಗಿ, ಒಂದೇ ತಟ್ಟೆಯಲ್ಲಿ ಉಂಡು, ನನಗೂ ಹೇಳಲಿಲ್ಲವಲ್ಲ ಎಂದೆ. ನಿನ್ನ ಬಾಯಲ್ಲಿ ಮಾತು ನಿಲ್ಲುತ್ತದೆಯೇ ಎಂದರು ಮೆಲ್ಲಗೆ. ಅದು ಸುಳ್ಳಲ್ಲ, ಅದಕ್ಕೇ ಇನ್ನಷ್ಟು ಉರಿಯಿತು. ಅಕ್ಕ ಗಾಡಿ ಛತ್ರದ ಕಡೆ ತಿರುಗಿಸು ಎಂದಳು.

ಮೆಟ್ಟಿಲ ಮೇಲೆ ಶೂಟಿಂಗಿನವರು ಕಟ್ಟಿದ ಸುಳ್ಳು ಜೇಡರ ಬಲೆ ಇನ್ನೂ ನೇತಾಡುತ್ತಿತ್ತು. ಅಕ್ಕ ಅದನ್ನು ಕೈಯಲ್ಲಿ ಸರಿಸಿಕೊಂಡು, ನಿಂತು ನಿಂತು ಉಸಿರು ತೆಗೆದುಕೊಂಡು ಹತ್ತಿದಳು. ಕೈ ಕೊಡಲು ಹೋದರೆ ಬೇಡವೆಂದಳು. ಕೋಣೆಯಲ್ಲಿ ಬಿಸಿಲಿತ್ತು, ಹಾಡುಹಗಲಿನಲ್ಲಿ ಅದೊಂದು ಸಾಮಾನ್ಯ ಕೋಣೆ. ಫೋಟೋ, ಎಲೆ, ಬಾಟಲಿ, ನನ್ನ ಡಬ್ಬಿ, ಎಲ್ಲ ಇದ್ದಲ್ಲೇ ಇದ್ದವು. ಅಕ್ಕ ಸೀರೆಯ ಸೆರಗಿನಿಂದ ಗಾಜು ಒರೆಸಿ, ಭಾವನ ಮುಖವನ್ನು ತುಂಬ ಹೊತ್ತು ನೋಡಿದಳು. ರೇವಂತ್ ಅವಳ ಕಾಲ ಬಳಿ ಕುಳಿತು, ತಪ್ಪಾಯಿತಮ್ಮ, ನಿನ್ನನ್ನೂ ಕಳೆದುಕೊಂಡುಬಿಡ್ತೀನಿ ಅಂತ ಹೆದರಿದ್ದೆ ಎಂದ.

“ಮಣ್ಣು ಮಾಡ್ದೆ. ಎಡೆ ಇಟ್ಟೆ. ಮಗ ಮಾಡೋದೆಲ್ಲ ಮಾಡಿದ್ದೀಯ ಕಣಪ್ಪ,” ಎಂದಳು ಅಕ್ಕ. “ನಾನು ಅಳಬೇಕಾಗಿತ್ತಲ್ಲ, ಅದುನ್ನ ಯಾರು ಅತ್ರಲಾ?”

ಅಕ್ಕ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಳು, ಕಾಲು ಚಾಚಿದಳು, ಎದೆ ಬಡಿದುಕೊಂಡು ಒಮ್ಮೆಗೇ ದನಿ ತೆಗೆದಳು. ನಮ್ಮೂರಿನ ಹೆಂಗಸರು ಹೆಣದ ಮುಂದೆ ಅಳುವ ಹಾಗೆ, ಹೇಳಿಕೊಂಡು ಅತ್ತಳು. ಕಲ್ಲು ಹಾಕಿಸಿದ್ದು, ಮರ ಆರಿಸಿದ್ದು, ಜಾತ್ರೆಯಲ್ಲಿ ಬಳೆ ಕೊಡಿಸಿದ್ದು, ಕಾಡಿನಲ್ಲಿ ಒಬ್ಬರೇ ನೀರಿಲ್ಲದೆ ಬಿದ್ದದ್ದು, ಎಲ್ಲವನ್ನೂ ಒಂದೊಂದಾಗಿ ಕರೆದು ಕರೆದು ಅತ್ತಳು. ಖಾಲಿ ಛತ್ರದ ತುಂಬ ಅದೇ ದನಿ. ಅಷ್ಟು ದೊಡ್ಡ ಅಳು ಆ ಸಣ್ಣ ಮೈಯೊಳಗೆ ಇಷ್ಟು ವರ್ಷ ಎಲ್ಲಿತ್ತೋ, ಕೇಳಿ ನಾನು ಬೆಚ್ಚಿಬಿದ್ದೆ. ಎದೆ ತಡೆಯುವುದಿಲ್ಲ ಎಂದು ಯಜಮಾನರು ಅವಳನ್ನು ಸುಮ್ಮನಾಗಿಸಲು ಹೋದರು. ನಾನು ಅವರ ತೋಳು ಹಿಡಿದು ಹಿಂದಕ್ಕೆಳೆದೆ.

ಎದುರಿನ ಅಂಗಡಿಯಲ್ಲಿ ರೊಟ್ಟಿ ಬಡಿಯುವ ಕಸ್ತೂರೆವ್ವ ದನಿ ಕೇಳಿ ಮೇಲೆ ಓಡಿಬಂದಳು. ಗದಗದ ಕಡೆಯಿಂದ ಬಂದು ಅಂಗಡಿಯಿಟ್ಟು ವರ್ಷವೂ ಆಗಿಲ್ಲ, ನಮಗೆ ಮುಖಪರಿಚಯವಷ್ಟೆ. ಹಿಟ್ಟಿನ ಕೈಯಲ್ಲೇ ಬಾಗಿಲ ಬಳಿ ನಿಂತು, ಅಳುವವಳನ್ನೂ ಹಾರ ಹಾಕಿದ ಫೋಟೋವನ್ನೂ ನೋಡಿದಳು.

“ಯಜಮಾನ್ರು ಹೋದ್ರೇನವ್ವಾ?” ಎಂದು ನನ್ನನ್ನು ಕೇಳಿದಳು. “ಯಾವಾಗ?”

ನನ್ನ ಯಜಮಾನರು ಅದು ಬಹಳ ಹಿಂದೆ ಎಂದು ಏನೋ ಹೇಳಲು ಬಾಯಿ ತೆರೆದರು. ಅವರಿಗಿಂತ ಮೊದಲೇ ನಾನು ಹೇಳಿದೆ.

“ಇವತ್ತು ಮಧ್ಯಾಹ್ನ.”

ಕಸ್ತೂರೆವ್ವ ಕೆಳಗೆ ಹೋಗಿ, ಉರಿಯುತ್ತಿದ್ದ ಒಲೆ ಆರಿಸಿ, ಅಂಗಡಿಯ ಬಾಗಿಲೆಳೆದು ಬಂದಳು. ತಲೆಯ ಮೇಲೆ ಸೆರಗು ಹೊದ್ದು ಅಕ್ಕನ ಪಕ್ಕದಲ್ಲಿ ಕುಳಿತು, ಅವಳನ್ನು ತಬ್ಬಿಕೊಂಡು, ಕಂಡು ಕೇಳದ ನಮ್ಮ ಭಾವನಿಗಾಗಿ ತಾನೂ ಅಳತೊಡಗಿದಳು.